ಗಾಜಿಗೆ ಅಂಟಿದ ಸಹಿ

ಪಕ್ಕದ ಮನೆಯವರು ಹಳೆಯ ಗೋಡೆ ಕೆಡವಿಸುತ್ತಿದ್ದಾರೆ. ಬೆಳಿಗ್ಗೆ ಗಾರೆಯ ಧೂಳಿನ ವಾಸನೆ ಕಿಟಕಿಯಿಂದ ಬಂದದ್ದೇ ತಡ, ಕಾಫಿ ಬಿಟ್ಟು ಬೀದಿಗೆ ಓಡಿದ್ದೆ. ನೀವು ನಗಬಹುದು. ಮನೆಯಲ್ಲೂ ನಗುತ್ತಾರೆ.

ನನಗೊಂದು ಖಯಾಲಿ: ಹಳೆಯ ಸಿನಿಮಾ ತಾರೆಯರು ಸಹಿ ಹಾಕಿದ ಫೋಟೋಗಳನ್ನು ಕೂಡಿಡುವುದು. ಕೊರಟಗೆರೆಯ ಕ್ಷೌರದಂಗಡಿ, ಪಾವಗಡದ ಸೋಡಾ ಅಂಗಡಿ, ಎಲ್ಲಿ ಸುಳಿವು ಸಿಕ್ಕರೂ ಬಸ್ಸು ಹತ್ತುತ್ತಿದ್ದೆ. "ಹೆತ್ತೋರ ಫೋಟೋ ಬೀರು ಒಳಗೆ, ಯಾವಳೋ ಹೀರೋಯಿನ್ನು ಗೋಡೆ ಮೇಲೆ" ಎನ್ನುವುದು ನನ್ನ ಹೆಂಡತಿಯ ಮಾತು.

ಹೋದ ವರ್ಷ ಮಧುಗಿರಿಯಲ್ಲಿ ಹಳೆಯ ಟಾಕೀಸೊಂದನ್ನು ಕೆಡವಲು ಹೊರಟರು. ಅದರ ಆಫೀಸು ಕೋಣೆಯಲ್ಲಿ, ನೂರನೇ ದಿನದ ಸಮಾರಂಭಕ್ಕೆ ಬಂದಿದ್ದ ನಾಯಕಿಯೊಬ್ಬಳ ಫೋಟೋ ಇತ್ತು. ನೀಲಿ ಶಾಯಿಯ ಸಹಿ. ಮಾಲೀಕರು ತೆಗೆದುಕೊಂಡು ಹೋಗಿ ಎಂದರು. ಶಿರಾದಲ್ಲಿ ಫೋಟೋಗಳಿಗೆ ಫ್ರೇಮು ಹಾಕುವ ಖಲೀಲ್ ಸಾಬರನ್ನು ಕರೆತಂದೆ. ಅವರು ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, "ತೇವಕ್ಕೆ ಫೋಟೋ ಗಾಜಿಗೆ ಕಚ್ಕಂಬುಟ್ಟೈತೆ ಸಾರ್. ಗಾಜು ಒಡೆದ್ರೆ ಸೈನೂ ಚೂರು. ಇಡೀ ಫ್ರೇಮೇ ಇಳಿಸ್ಬೇಕು, ನಿಧಾನಕ್ಕೆ" ಎಂದರು. ಫ್ರೇಮಿನ ನಾಲ್ಕು ಮೂಲೆಯನ್ನೂ ಹಿಂದೆಂದೋ ಟಾಕೀಸಿನವರು ತಿರುಪು ಹಾಕಿ ಗೋಡೆಗೆ ಬಿಗಿದಿದ್ದರು.

ಅವರು ಎರಡು ತಿರುಪು ಬಿಚ್ಚಿದ್ದರು. ನಾನು ಕುಡಿಯುವ ನೀರಿಗೆಂದು ಹೊರಗೆ ಬಂದಿದ್ದೆ. ಆಗ ಹಿಂದುಗಡೆ ಕಟ್ಟಡ ಕೆಡವುವ ಯಂತ್ರ ಶುರುವಾಯಿತು. ಕಾಲಡಿಯ ನೆಲ ಅದುರಿತು. ಮೇಸ್ತ್ರಿ ಓಡಿಬಂದ.

"ಲೇ, ನಿಲ್ಲಿಸ್ರಲಾ, ಒಳಗೆ ಜನ ಅವ್ರೆ. ಸಾಬ್ರೇ, ಅದ್ನ ಬುಟ್ಟಾಕಿ ಈಚೆ ಬನ್ನಿ."

ನಾನೂ ಕೂಗಿದೆ. ಬನ್ನಿ ಎಂದಲ್ಲ. "ಗಾಜು ಜೋಪಾನ" ಎಂದು.

ಸೂರು ಕುಸಿಯಿತು. ಧೂಳಿನಲ್ಲಿ ಬಾಗಿಲೇ ಕಾಣಲಿಲ್ಲ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಫ್ರೇಮನ್ನು ಎದೆಗವಚಿಕೊಂಡು ಸಾಬರು ಬಂದರು. ಬಲಭುಜದಿಂದ ರಕ್ತ ಇಳಿಯುತ್ತಿತ್ತು. ನನ್ನ ಕಣ್ಣು ಮೊದಲು ಹೋದದ್ದು ಸಹಿಯ ಮೇಲೆ. ಅದನ್ನು ಅವರು ಕಂಡರು.

"ಸೈನು ಸರಿಗೈತೆ, ನೋಡ್ಕಳಿ" ಎಂದು ಫ್ರೇಮು ಕೊಟ್ಟು, ಅಲ್ಲೇ ಕುಸಿದು ಕೂತರು.

ಆಸ್ಪತ್ರೆಗೆ ಹೋಗಿದ್ದೆ, ಹಣ್ಣು ಕೊಟ್ಟಿದ್ದೆ, ಹೇಳಬೇಕಾದದ್ದನ್ನು ಹೇಳಿರಲಿಲ್ಲ. ಆ ಗಳಿಗೆ ಎಷ್ಟು ಸಲ ಕಣ್ಣ ಮುಂದೆ ಬಂದರೂ ನಾನು ಕೂಗುವುದು ಅದೇ ಮಾತು.

ಇವತ್ತು ಬೀದಿಯಿಂದ ಒಳಕ್ಕೆ ಹೋಗಲು ಮನಸ್ಸಾಗದೆ ಶಿರಾ ಬಸ್ಸು ಹತ್ತಿದೆ. ಸಾಬರು ಅಂಗಡಿಯಲ್ಲಿ ಮರದ ಪಟ್ಟಿ ಕೊಯ್ಯುತ್ತಿದ್ದರು.

"ಅವತ್ತು ನಾನು ಮೊದಲು ನಿಮ್ಮನ್ನ ನೋಡಲಿಲ್ಲ ಸಾಬರೇ" ಎಂದೆ.

"ಗೊತ್ತು ಬುಡಿ ಸಾರ್. ನಾನೇನ್ ನಿಮ್ಮನ್ನ ನೋಡ್ಕಂಡ್ ಬಂದ್ನಾ? ಬಾಗ್ಲು ನೋಡ್ಕಂಡ್ ಬಂದೆ."

ಅವರ ಬಲಗೈ ಇನ್ನೂ ಭುಜದ ಮಟ್ಟಕ್ಕೆ ಏಳುವುದಿಲ್ಲ. ಗರಗಸ ಎಡಗೈಯಲ್ಲಿತ್ತು, ಪಟ್ಟಿ ಜಾರುತ್ತಿತ್ತು. ನಾನು ಅದರ ತುದಿ ಹಿಡಿದು ಕೂತೆ.