ಒಬ್ಬರೇ ಗೆಲ್ಲಲಾಗದ ಆಟ

ಮಗಳ ಚಿಕಿತ್ಸೆಗೆಂದು ಹೋದ ಮೊದಲ ದಿನವೇ ಥೆರಪಿಸ್ಟ್ ಅವಳ ಕೈಗೆ ವಿಡಿಯೊ ಗೇಮಿನ ಕಂಟ್ರೋಲರ್ ಕೊಟ್ಟುಬಿಟ್ಟರು. ನಾನು ಬೆಚ್ಚಿದೆ. ಮಂಗಳೂರಿನಲ್ಲಿ ವೈದ್ಯರೂ ನೆಂಟರೂ ಒಂದೇ ಬಾಯಲ್ಲಿ ಹೇಳಿದ್ದು, ಮೊದಲು ಟೀವಿ, ಮೊಬೈಲ್ ಬಂದ್ ಮಾಡಿ ಎಂದು. ಇಲ್ಲಿ ಜರ್ಮನಿಯ ರೆನ್ನಿಂಗೆನ್‌ನಲ್ಲಿ ನರೆಗೂದಲ ಹೆಂಗಸೊಬ್ಬರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆಟಕ್ಕೆ ಕರೆಯುತ್ತಿದ್ದರು.

ತನ್ವಿಗೆ ಎಂಟು ವರ್ಷ. ಆಟಿಸಂ ಇದೆ. ಮಾತು ಬರುತ್ತದೆ, ಆಡಬೇಕೆನಿಸುವುದು ಅಪರೂಪ. ಗಂಡನ ಕೆಲಸಕ್ಕಾಗಿ ಇಲ್ಲಿಗೆ ಬಂದಾಗ, ಇಷ್ಟು ನಿಶ್ಶಬ್ದವಾದ ಊರಿನಲ್ಲಿ ಅವಳ ಮೌನ ಯಾರಿಗೂ ಕಾಣಲಾರದು ಅಂದುಕೊಂಡಿದ್ದೆ. ಆದರೆ ಭಾನುವಾರ ಅವಳು ಸೋಫಾದಿಂದ ಹಾರಿದರೆ ಸಾಕು, ಕೆಳಮನೆಯವರು ಬಾಗಿಲು ತಟ್ಟಿ "ರೂಹೆತ್ಸೈಟ್!" ಎನ್ನುತ್ತಿದ್ದರು. ಸದ್ದು ಮಾಡಬಾರದ ಹೊತ್ತು ಎಂದರ್ಥ. ಮಂಗಳೂರಿನ ನೆರೆಯವರು ದೇವರಿಗೆ ಹರಕೆ ಹೊರಲು ಹೇಳುತ್ತಿದ್ದರು, ಇವರು ನಿಯಮ ಹೇಳುತ್ತಾರೆ. ಮೊದಮೊದಲು ಕ್ಷಮೆ ಕೇಳುತ್ತಿದ್ದೆ, ಆಮೇಲೆ ನಿಲ್ಲಿಸಿದೆ.

ಶಾಲೆಯ ಟೀಚರ್ ಮಾತ್ರ ನಯವಾಗಿಯೇ ಹೇಳಿದರು: "ಅವಳಿಗೆ ಗುಂಪಿನಲ್ಲಿ ಕಲಿಯಲು ಆಗುವುದಿಲ್ಲ. ಫೋರ್ಡರ್‌ಶೂಲೆ ಒಳ್ಳೆಯದು." ಅಂದರೆ ವಿಶೇಷ ಮಕ್ಕಳ ಬೇರೆ ಶಾಲೆ. ಅದು ಕೆಟ್ಟ ಜಾಗವಲ್ಲ. ಆದರೆ ಯಾರೂ ಅವಳೊಂದಿಗೆ ಪ್ರಯತ್ನವನ್ನೇ ಮಾಡದೆ ಆಗುವುದಿಲ್ಲ ಎನ್ನುವುದನ್ನು ನಾನು ಒಪ್ಪಲಿಲ್ಲ.

ಥೆರಪಿಯಲ್ಲಿ ಅವಳ ಜೊತೆಗಾರ ಯೋನಾಸ್, ಕೂತಲ್ಲಿ ಕೂರಲಾರದ ಹುಡುಗ. ಆಟದಲ್ಲಿ ಎರಡು ನರಿಗಳು. ಒಂದು ಹಲಗೆಯ ಮೇಲೆ ನಿಂತಿದ್ದರೆ ಮಾತ್ರ ಇನ್ನೊಂದಕ್ಕೆ ಸೇತುವೆ ತೆರೆಯುತ್ತದೆ. ಯೋನಾಸ್ ನಿಲ್ಲುತ್ತಿರಲಿಲ್ಲ. ತನ್ವಿಯ ನರಿ ಮತ್ತೆ ಮತ್ತೆ ನೀರಿಗೆ ಬಿತ್ತು. ಅವಳು ಕಂಟ್ರೋಲರ್ ಎಸೆದು ಮೇಜಿನಡಿ ಸೇರಿದಳು. ಥೆರಪಿಸ್ಟ್ ಬಗ್ಗಿ, "ನೀನು ಹೇಳದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು?" ಎಂದರು.

ಹೀಗೆ ಎಷ್ಟೋ ವಾರ. ಒಂದು ಮಧ್ಯಾಹ್ನ ತನ್ವಿ ಇದ್ದಕ್ಕಿದ್ದಂತೆ, ಅಪ್ಪಟ ಮಂಗಳೂರು ಕನ್ನಡದಲ್ಲಿ, "ಅಲ್ಲೇ ನಿಲ್ಲು ಮಾರಾಯಾ!" ಎಂದು ಚೀರಿದಳು.

ಮಾತು ತಿಳಿಯದಿದ್ದರೂ ಯೋನಾಸ್ ಕಲ್ಲಾಗಿ ನಿಂತ. ಅವಳ ನರಿ ದಾಟಿತು. ಅವಳು ಒಂಟಿಯಾಗಿ ಮುಂದೆ ಹೋಗಲಿಲ್ಲ. ಆಚೆ ದಡದ ಹಲಗೆಯ ಮೇಲೆ ನಿಂತು, ಅವನು ದಾಟುವವರೆಗೂ ಕಾದಳು.

ನನ್ನ ಹರಕುಮುರುಕು ಜರ್ಮನ್‌ನಲ್ಲೇ ಟೀಚರ್‌ಗೆ ಹೇಳಿದೆ: "ಆಗುವುದಿಲ್ಲ ಅಂದಿರಲ್ಲ, ಬಂದು ನೋಡಿ."

"ಆಟ ಬೇರೆ, ತರಗತಿ ಬೇರೆ," ಎಂದರು.

"ಆದರೂ ಬನ್ನಿ. ಅಲ್ಲಿಯವರೆಗೆ ಅವಳು ಈ ತರಗತಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ."

ಬಂದರು, ಎರಡು ನರಿಗಳೂ ದಾಟುವವರೆಗೆ ನಿಂತು ನೋಡಿದರು. ತನ್ವಿ ಅದೇ ತರಗತಿಯಲ್ಲಿ ಉಳಿದಳು, ಪಕ್ಕದಲ್ಲಿ ಸಹಾಯಕಿಯೊಬ್ಬಳು. ಈಗಲೂ ಯಾರ ಕಣ್ಣಲ್ಲೂ ಕಣ್ಣಿಟ್ಟು ನೋಡುವುದಿಲ್ಲ. ನೋಡಬೇಕೆಂಬ ಹಟ ನನಗೂ ಇಲ್ಲ.

ಚಿಕ್ಕಮ್ಮನ ಫೋನು ಬಂತು. "ಎಂತ ಮಾರಾಯ್ತಿ, ಅಷ್ಟು ದೂರ ಹೋಗಿ ಮಗುವಿಗೆ ಗೇಮ್ ಕಲಿಸುದಾ? ಊರಿಗೆ ಬಾ, ನಾವೆಲ್ಲ ಇದ್ದೇವಲ್ಲ."

"ಬರುದಿಲ್ಲ ಚಿಕ್ಕಮ್ಮ," ಎಂದೆ. ಅವರು ಮತ್ತೆ ಕರೆದರೂ ಮಾತು ಬದಲಿಸಲಿಲ್ಲ.

ಮೊನ್ನೆ ಆಟದ ಮೈದಾನದಲ್ಲಿ ತನ್ವಿ ಮುಂದೆ ಓಡಿದಾಗ ಯೋನಾಸ್ ಹಿಂದಿನಿಂದ ಕೂಗಿದ: "ನಿಲ್ಲೂ ಮಾರಾಯ್ಯಾ!" ನಾನು ಬಿದ್ದು ಬಿದ್ದು ನಕ್ಕೆ. ಬೆಂಚಿನಲ್ಲಿದ್ದ ಅವನ ತಾಯಿ ಏನೆಂದು ತಿಳಿಯದೆ ಮುಗುಳ್ನಕ್ಕಳು. ಆ ನಗುವಿಗೆ ಜೊತೆಯಾಗಬಲ್ಲವರು ಮಂಗಳೂರಿನಲ್ಲಿದ್ದರು. ಆದರೆ ನನ್ನ ಕಣ್ಣು ಯಾಕೆ ತುಂಬಿತೆಂದು ಬಲ್ಲವಳು, ಅದೇ ಥೆರಪಿಗೆ ಮಗನನ್ನು ಕರೆತರುವ ಆ ತಾಯಿ, ಪಕ್ಕದಲ್ಲೇ ಇದ್ದಳು.