ಪೇಂಟರ್ ಸಹಿ ಹಾಕಿದ ಬಿಲ್ಲುಗಳು

ಖಾಲಿಯಾದ ಮನೆಗಳೇ ಪೇಂಟರ್‌ನ ಅನ್ನ. ಇಪ್ಪತ್ತೆರಡು ವರ್ಷ ಅವನು ಬೇರೆಯವರು ಬಿಟ್ಟುಹೋದ ಗೋಡೆಗಳನ್ನು ಕೆರೆದ, ಪುಟ್ಟಿ ಮೆತ್ತಿದ, ಬಣ್ಣ ಬಳಿದ. ಮಂಚ ಎಲ್ಲಿತ್ತು, ಎಣ್ಣೆ ತಲೆಯವರು ಯಾವ ಗೋಡೆಗೆ ಒರಗಿ ಕೂರುತ್ತಿದ್ದರು, ಯಾವ ಬಾಗಿಲ ಪಕ್ಕದಲ್ಲಿ ಗೀಟು ಹಾಕಿ ಮಗುವಿನ ಎತ್ತರ ಅಳೆದಿದ್ದರು ಎಂಬುದನ್ನೆಲ್ಲ ಒಳಗೆ ಕಾಲಿಟ್ಟ ಕೂಡಲೇ ಹೇಳುತ್ತಿದ್ದ. ಕೆಲಸದಲ್ಲಿ ಮೋಸವಿರಲಿಲ್ಲ. ಮೋಸವಿದ್ದದ್ದು ಬಿಲ್ಲಿನಲ್ಲಿ.

ಮೋಟಾರು ಬಿಡಿಭಾಗದ ಅಂಗಡಿಯ ಯಜಮಾನರಿಗೆ ಏಳು ಬಾಡಿಗೆ ಮನೆಗಳಿದ್ದವು. ಯಾರಾದರೂ ಮನೆ ಖಾಲಿ ಮಾಡಿದರೆ ಮೊದಲ ಫೋನು ಪೇಂಟರ್‌ಗೆ. ಅವನು ಒಂದು ಕೋಣೆಗೆ ಬಣ್ಣ ಹೊಡೆದು ಇಡೀ ಮನೆಯ ಬಿಲ್ಲು ಬರೆದುಕೊಡುತ್ತಿದ್ದ. ಆ ಬಿಲ್ಲು ತೋರಿಸಿ ಯಜಮಾನರು ಬಾಡಿಗೆದಾರರ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಿದ್ದರು. ಸಹಿಗೆ ಪೇಂಟರ್‌ಗೆ ಐನೂರು. ಬಟ್ಟೆ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಅವನ ಹೆಂಡತಿ ಒಮ್ಮೆ, "ಇದು ಸರೀನಾ?" ಎಂದು ಕೇಳಿದ್ದಳು. "ದೊಡ್ಡೋರ ವ್ಯವಹಾರ, ನಮಗ್ಯಾಕೆ ಅದರ ಉಸಾಬರಿ," ಎಂದು ಅವನು ಮಾತು ತುಂಡರಿಸಿದ್ದ.

ಆ ಏಳು ಮನೆಗಳಲ್ಲಿ ಒಂದರಲ್ಲಿ ಒಬ್ಬ ನರ್ಸ್ ಇದ್ದಳು. ಮಂಡಿ ಸವೆದುಹೋದ ತಾಯಿಯನ್ನು ಕಟ್ಟಿಕೊಂಡು ಐದು ವರ್ಷ ಬಾಳಿದವಳು. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಮನೆ ಬಿಟ್ಟಾಗ ಅವಳ ಕೈಗೆ ಬಂದದ್ದು ಇಪ್ಪತ್ತೆರಡು ಸಾವಿರದ ಬಣ್ಣದ ಬಿಲ್ಲು. ಅವಳು ಅದನ್ನು ಹಿಡಿದು ಬಾಗಿಲಿಗೆ ಬಂದಾಗ ಪೇಂಟರ್ ಏಣಿಯ ಮೇಲಿದ್ದ. ಯಜಮಾನರು ಪಕ್ಕದಲ್ಲೇ ನಿಂತಿದ್ದರು.

"ಅಣ್ಣ, ನೀವೇ ಹೇಳಿ. ಗೋಡೆ ಇಷ್ಟೊಂದು ಹಾಳಾಗಿತ್ತಾ?"

ಅವನು ಬ್ರಷ್ಷು ನಿಲ್ಲಿಸಲಿಲ್ಲ. "ಎಲ್ಲಾ ಗೋಡೆನೂ ಹಾಳಾಗಿತ್ತಮ್ಮ," ಎಂದ.

ಅವಳು ಬಿಲ್ಲು ಮಡಿಸಿಕೊಂಡು ಹೊರಟುಹೋದಳು.

ಇದಾಗಿ ಒಂದೂಮುಕ್ಕಾಲು ವರ್ಷಕ್ಕೆ ಪೇಂಟರ್‌ನ ಸರದಿ ಬಂತು. ಅವನೂ ಅದೇ ಯಜಮಾನರ ಅಂಗಡಿಯ ಹಿಂದಿನ ಮನೆಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದ. ಅಡ್ವಾನ್ಸು ಎಂಬತ್ತು ಸಾವಿರ. ಯಜಮಾನರಿಗೆ ಆ ಜಾಗ ಗೋಡೌನಿಗೆ ಬೇಕಾಯಿತು, ಒಂದು ತಿಂಗಳ ಗಡುವು ಕೊಟ್ಟರು. ಗಂಡ ಹೆಂಡತಿ ಊರೆಲ್ಲ ಅಲೆದು ಒಂದು ಮನೆ ಹುಡುಕಿ, ಹತ್ತು ಸಾವಿರ ಮುಂಗಡ ಕೊಟ್ಟು ಮಾತು ಮುಗಿಸಿದರು. ಬಿಡುವ ಮೊದಲು ಪೇಂಟರ್ ಅಭ್ಯಾಸಬಲದಿಂದ ಮನೆಗೆಲ್ಲ ತಾನೇ ಹೊಸ ಬಣ್ಣ ಹೊಡೆದ.

ಸಾಮಾನೆಲ್ಲ ಟೆಂಪೋಗೆ ಏರಿದ ಮೇಲೆ ಯಜಮಾನರು ಬಂದು ಹನ್ನೊಂದು ಸಾವಿರ ಕೈಗಿಟ್ಟರು. ಜೊತೆಗೊಂದು ಬಿಲ್ಲು. ಗೋಡೆ, ಬಾಗಿಲಿನ ಪಾಲಿಶ್, ಸಿಂಕು, ನಲ್ಲಿ. ಕೆಳಗೆ ಸಹಿ ಅವನೇ ಕೈಹಿಡಿದು ಕೆಲಸ ಕಲಿಸಿದ ಶಿಷ್ಯನದು.

"ಸಾರ್, ಬಣ್ಣ ಇನ್ನೂ ವಾಸನೆ ಹೊಡೀತಿದೆ."

"ನಿಂಗೆ ಹೊಸದಾಗಿ ಹೇಳಿಕೊಡ್ಬೇಕಾ?" ಎಂದರು ಯಜಮಾನರು, ನಗುತ್ತಲೇ. "ಬೇಗ ಗಾಡಿ ತೆಗೆಸು. ಲೋಡು ಬರೋದಿದೆ."

ಹೊಸ ಮನೆಯವರು ಪೂರ್ತಿ ಅಡ್ವಾನ್ಸು ಇಲ್ಲದೆ ಬೀಗದ ಕೈ ಕೊಡಲಿಲ್ಲ. ಕೊಟ್ಟಿದ್ದ ಮುಂಗಡವೂ ಮುಳುಗಿತು. ಬಿಸಿಲೇರುತ್ತಿದ್ದಂತೆ ಟೆಂಪೋದವನು ಬಾಡಿಗೆ ಏರಿಸುತ್ತಾ ಹೋದ. ಕೊನೆಗೆ ಅವನೇ ವೆಲ್ಡಿಂಗ್ ಶೆಡ್ಡಿನ ಹಿಂದಿನ ಒಂಟಿ ಕೋಣೆಯೊಂದನ್ನು ತೋರಿಸಿದ. ಬೀರು ಬಾಗಿಲಲ್ಲಿ ಹಿಡಿಸಲಿಲ್ಲ. ಅದನ್ನು ಅಲ್ಲೇ ಬಂದಷ್ಟಕ್ಕೆ ಮಾರಿದರು.

ದೂರು ಕೊಡೋಣ ಎಂದವಳು ಹೆಂಡತಿ. ಬಾಡಿಗೆ ತಕರಾರಿನ ಕಚೇರಿಯ ಅಧಿಕಾರಿ ಹೆಂಗಸು ಸಮಾಧಾನದಿಂದ ಕೇಳಿಸಿಕೊಂಡರು. ವಾಸ ಮಾಡಿದ ಮನೆ ಸಹಜವಾಗಿ ಸವೆದರೆ ಅದಕ್ಕೆ ಬಾಡಿಗೆದಾರ ಹೊಣೆಯಲ್ಲ, ಮುರಿದುಕೊಂಡ ಪ್ರತಿ ಕಾಸಿಗೂ ಮಾಲೀಕನೇ ಲೆಕ್ಕ ತೋರಿಸಬೇಕು ಎಂದರು. ಪೇಂಟರ್‌ಗೆ ಜೀವ ಬಂದಂತಾಯಿತು.

ವಿಚಾರಣೆಯ ದಿನ ಯಜಮಾನರು ಒಂದು ಫೈಲು ತಂದರು. ಅದರೊಳಗೆ ಹದಿನಾಲ್ಕು ಬಿಲ್ಲು, ಎಲ್ಲವೂ ಪೇಂಟರ್‌ನ ದುಂಡಗಿನ ಅಕ್ಷರದಲ್ಲಿ.

"ಇಷ್ಟು ಮನೆಗೆ ಇವನೇ ಹಾಕಿದ ರೇಟು, ಮೇಡಂ. ಬೇರೆಯವರಿಗೆ ನ್ಯಾಯವಾದದ್ದು ಇವನಿಗೆ ಅನ್ಯಾಯ ಹೆಂಗಾಗುತ್ತೆ?"

ಅಧಿಕಾರಿ ಒಂದೊಂದೇ ಹಾಳೆ ತಿರುವಿ ತಲೆಯೆತ್ತಿದರು. "ಇವು ನಿಜವಾದ ಬಿಲ್ಲುಗಳಾ?"

ನಿಜ ಎಂದರೆ ಹಣ ಹೋಯಿತು. ಸುಳ್ಳು ಎಂದರೆ ಮಾನ ಹೋಯಿತು. ಅವನು ಹಿಂದಿನ ಬೆಂಚಿನಲ್ಲಿದ್ದ ಹೆಂಡತಿಯ ಕಡೆ ತಿರುಗಿದ. ಅವಳು ನೆಲ ನೋಡುತ್ತಿದ್ದಳು.

"ಸುಳ್ಳು, ಮೇಡಂ. ಒಂದೂ ನಿಜವಲ್ಲ."

"ಬರೆದು ಕೊಡ್ತೀರಾ?"

ಬರೆದುಕೊಟ್ಟ. ಉಳಿದ ಹಣ ಮೂವತ್ತು ದಿನದಲ್ಲಿ ಕೊಡಬೇಕೆಂದು ಆದೇಶವಾಯಿತು. ಯಜಮಾನರು ಮೇಲ್ಮನವಿ ಹಾಕಿದರು. ಹಣ ಅಲ್ಲಿಗೇ ನಿಂತಿತು. ಸುದ್ದಿ ಮಾತ್ರ ನಿಲ್ಲಲಿಲ್ಲ. ಊರಿನ ಮನೆ ಮಾಲೀಕರೆಲ್ಲ ಶಿಷ್ಯನನ್ನು ಕರೆಯತೊಡಗಿದರು. ಪೇಂಟರ್ ವೆಲ್ಡಿಂಗ್ ಶೆಡ್ಡಿನಲ್ಲೇ ದಿನಗೂಲಿಗೆ ಗೇಟುಗಳಿಗೆ ಕೆಂಪು ಬಳಿಯತೊಡಗಿದ.

ತಾನು ಬರೆದುಕೊಟ್ಟದ್ದರ ಒಂದು ಪ್ರತಿ ತೆಗೆಸಿಕೊಂಡು ಒಂದು ಭಾನುವಾರ ಅವನು ನರ್ಸನ್ನು ಹುಡುಕಿಕೊಂಡು ಹೋದ. ಮೂರನೆಯ ಮಹಡಿ. ಮೆಟ್ಟಿಲು ಕಡಿದಾಗಿದ್ದವು. ಅವಳು ಬಾಗಿಲಲ್ಲೇ ನಿಂತು ಕಾಗದ ಓದಿದಳು.

"ಇದನ್ನ ತೋರಿಸಿದ್ರೆ ನಿಮ್ಮ ದುಡ್ಡು ಬರುತ್ತಮ್ಮ. ಸಾಕ್ಷಿ ಹೇಳೋಕೆ ನಾನೂ ಬರ್ತೀನಿ."

"ಎರಡು ವರ್ಷದೊಳಗೆ ದೂರು ಕೊಡ್ಬೇಕಂತೆ. ವಿಚಾರಿಸಿದೀನಿ. ಹೋದ ತಿಂಗಳಿಗೆ ಮುಗೀತು."

ಅವನು ತಿರುಗಿ ಮೆಟ್ಟಿಲುಗಳ ಕಡೆ ನೋಡಿದ.

"ಕೆಳಗಡೆ ಮನೆ ಸಿಕ್ಕಿತ್ತು, ಅಣ್ಣ. ಇಪ್ಪತ್ತು ಸಾವಿರ ಕಮ್ಮಿ ಬಿತ್ತು. ಅದಕ್ಕೇ ಇಲ್ಲಿಗೆ ಬಂದ್ವಿ. ಅಮ್ಮನ್ನ ಇಬ್ಬರು ಕುರ್ಚೀಲಿ ಕೂರಿಸಿ ಹೊತ್ಕೊಂಡು ಬಂದ್ರು. ಆಮೇಲೆ ಅವಳು ಕೆಳಗೆ ಇಳಿಯಲೇ ಇಲ್ಲ. ಎರಡು ತಿಂಗಳ ಹಿಂದೆ ನಾಲ್ಕು ಜನ ಇಳಿಸಿದ್ರು."

"ತಪ್ಪಾಯ್ತಮ್ಮ."

"ಆಯ್ತು. ಆದ್ರೆ ನನ್ನ ಬಾಯಲ್ಲಿ ಪರವಾಗಿಲ್ಲ ಅನ್ನಿಸ್ಕೊಳ್ಳೋಕೆ ಬಂದಿದ್ರೆ, ಅದು ಬರಲ್ಲ," ಎಂದಳು. ಕಾಗದವನ್ನು ನೀಟಾಗಿ ಮಡಿಸಿ ಅವನ ಜೇಬಿಗೆ ತುರುಕಿ ಬಾಗಿಲು ಹಾಕಿಕೊಂಡಳು.

ಅವನು ಮನೆಗೆ ಬಂದಾಗ ಹೆಂಡತಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು.

"ಏನಂದ್ಲು ರೀ?"

"ಮನೇಲಿರಲಿಲ್ಲ."

ಅವಳು ಹಲ್ಲಿನಿಂದ ದಾರ ಕಡಿದಳು. "ಹಾಗಾದ್ರೆ ಮುಂದಿನ ಭಾನುವಾರ ಇನ್ನೊಂದ್ಸಲ ಹೋಗಿ ಬನ್ನಿ. ಪಾಪ, ವಯಸ್ಸಾದ ತಾಯಿ ಬೇರೆ ಇದಾರೆ."

"ಹೂಂ," ಎಂದು ಅವನು ಚಪ್ಪಲಿ ಬಿಟ್ಟ.