ಎಟಿಕೆಟಿ ಬ್ಯಾರೆ, ಕೆಟಿ ಬ್ಯಾರೆ

ಚೆಂಬೂರಿನ ನಮ್ಮ ಕಾಲನಿಯೊಳಗ ಒಂದು ಸಣ್ಣ ಕನ್ನಡ ಬಳಗ ಐತಿ. ಅದರ ಕಾರ್ಯದರ್ಶಿ ಶರಣಬಸಪ್ಪ. ರಿಫೈನರಿ ಸ್ಟೋರಿನ್ಯಾಗ ಜೀವನಪೂರ್ತಿ ನಟ್ಟು ಬೋಲ್ಟು ಎಣಿಸಿ ರಿಟೈರ್ ಆದಾಂವ, ಈಗ ಮಂದಿ ಮಕ್ಕಳ ಮಾರ್ಕ್ಸ್ ಎಣಿಸ್ತಾನ. ಬಡವರ ಮಕ್ಕಳ ಕಾಲೇಜ್ ಫೀ ಬಳಗ ಕಟ್ಟತೈತಿ, ಆದ್ರ ವರ್ಷಾ ಎಲ್ಲಾ ಪೇಪರ್ ಪಾಸಾಗಬೇಕು, ಇಲ್ಲಾಂದ್ರ ಬಂದ್. ರೊಕ್ಕ ದಾನಿಗಳದ್ದು, ಗತ್ತು ಮಾತ್ರ ಇವಂದು. ಮೀಟಿಂಗಿಗೆ ಉಪ್ಪಿಟ್ಟು ಮಾಡಾಕಿ ನಾನು, ಲಕ್ಷ್ಮವ್ವ. ಹಂಗಾಗಿ ಎಲ್ಲಾ ನನ್ನ ಕಣ್ಣಮುಂದನ ನಡದದ್ದು.

ಹೋದ ವರ್ಷ ಇವನ ತಂಗಿ ಮಗ ಸಚಿನಂದು ಎರಡು ಪೇಪರ್ ಹೋದವು. ಮಾರ್ಕ್‌ಶೀಟಿನ್ಯಾಗ ಎಟಿಕೆಟಿ ಅಂತ ಬಂತು. ಮುಂದಿನ ಕ್ಲಾಸಿಗೆ ಹೋಗು, ಉಳದದ್ದು ಆಮ್ಯಾಲ ಬರಿ ಅಂತ ಅದರ ಅರ್ಥ. ಆಗ ಶರಣಬಸಪ್ಪ ಎದ್ದು ನಿಂತು, "ಯುನಿವರ್ಸಿಟಿನ ಮುಂದ ಹೋಗು ಅಂದಮ್ಯಾಲ ತಡಿಯಾಕ ನಾವ್ಯಾರು?" ಅಂದ. ಹಿರೇರು ಗೋಣು ಹಾಕಿದ್ರು. ಹುಡುಗನ ಫೀ ಸಿಕ್ತು.

ಈ ವರ್ಷ ವೈಶಾಲಿ ಪಾಳಿ. ಅವರವ್ವ ಚನ್ನವ್ವ ರೊಟ್ಟಿ ಬಡದು ಮಾರಾಕಿ. ಹುಡುಗಿ ವಿಲೆ ಪಾರ್ಲೆದಾಗ ಬಿಎಸ್ಸಿ ಓದ್ತಿದ್ಲು. ಪರೀಕ್ಷಾ ಹೊತ್ತಿಗೆ ಡೆಂಗ್ಯೂ ಬಂದು ಒಂದ ಪೇಪರ್ ಹೋತು. ಮೀಟಿಂಗಿನ್ಯಾಗ ಏನಾತವ್ವಾ ಅಂತ ಕೇಳಿದ್ರ, ಪಾಪ, ಕಾಲೇಜ್ ಹುಡುಗರು ಎಟಿಕೆಟಿಗೆ ಸಣ್ಣದು ಮಾಡಿ ಅನ್ನೂಹಂಗನ ಅಂದ್ಲು: "ಕಾಕಾ, ನಂಗ ಒಂದು ಕೆಟಿ ಬಂತು."

ಅಷ್ಟ ಸಾಕಾತು ಆ ಮನಷ್ಯಾಗ. "ಕೇಳಿದ್ರ್ಯಾ? ಕೆಟಿ! ಎಟಿಕೆಟಿ ಬ್ಯಾರೆ, ಕೆಟಿ ಬ್ಯಾರೆ. ಎಟಿಕೆಟಿ ಅಂದ್ರ ಪರವಾನಗಿ. ಕೆಟಿ ಅಂದ್ರ ಖರೇ ನಪಾಸು!" ಹಿರೇರಿಗೇನು ಗೊತ್ತು? ಮತ್ತ ಗೋಣು ಹಾಕಿದ್ರು. ಥೂ! ಅರ್ಧ ಹೆಸರು ಹಿಡದು ಕರದ್ರ ಮನಷ್ಯಾ ಬ್ಯಾರೆ ಆಕ್ಕಾನೇನು?

ಬಾಜೂಕ ಕುಂತಿದ್ದ ಸಚಿನ ನಕ್ಕಬಿಟ್ಟ. "ಮಾಮಾ, ದೋನೋ ಏಕ್ ಹೀ ಹೈ, ಎರಡೂ ಒಂದ. ನಂದು ಎರಡು ಇದ್ವು, ಇಕೀದು ಒಂದ."

ಶರಣಬಸಪ್ಪನ ಮಾರಿ ಕಪ್ಪಿಟ್ತು. ನಾಚಿಕಿ ಇದ್ದಾಂವಾದ್ರ ತಪ್ಪಾತು ಅಂತಿದ್ದ. ಇಂವ ಏನಂದ ಗೊತ್ತೇನು? "ಹಂಗಾದ್ರ ಇವತ್ತಿಂದ ಎಟಿಕೆಟಿಗೂ ಫೀ ಬಂದ್!" ಸಚಿನಂದು ಓದು ಮುಗದಿತ್ತಲ್ಲ, ಇವನಪ್ಪನ ಗಂಟೇನು ಹೋಗೂದಿತ್ತು? ಉಪ್ಪಿಟ್ಟಿನ ತಾಟು ಅವನ ಮುಂದಿಂದ ಎತಗೊಂಡು ಬಂದೆ ನಾನು. ತಿನ್ನಾಕೂ ಯೋಗ್ಯತೆ ಬೇಕು.

ವೈಶಾಲಿ ಕಾಲೇಜ್ ಬಿಟ್ಲು. ಈಗ ಪರೇಲದಾಗ ಒಂದು ದವಾಖಾನಿ ಕೌಂಟರಿನ್ಯಾಗ ಕೂಡ್ತಾಳ. ಉಳದಿದ್ದ ಆ ಪೇಪರ್ ಬರದು ಪಾಸೂ ಆದ್ಲು. ಆದ್ರ ಒಮ್ಮೆ ಬಂದ್ ಆದ ಫೀ ಮತ್ತ ಚಾಲೂ ಮಾಡೂದಿಲ್ಲಂತ, ಅದೂ ರೂಲ್ಸಂತ.

ಮೊನ್ನೆ ಶರಣಬಸಪ್ಪ ಫೋನ್ ಮಾಡಿದ್ದ. "ಲಕ್ಷ್ಮವ್ವಾ, ಚನ್ನವ್ವನ ಮಗಳು ಪಾಸಾದ್ಲಂತಲ್ಲ! ನೋಡ್ರಿ, ನಮ್ಮ ರೂಲ್ಸಿನಿಂದ ಹುಡುಗಿಗೆ ಜಿದ್ದು ಬಂತು. ವಾರ್ಷಿಕೋತ್ಸವದಾಗ ಶಾಲು ಹಾಕಿ ಸತ್ಕಾರ ಮಾಡೂಣು, ಕರಕೊಂಡ ಬರ್ರಿ."

ಹೋಗಿ ವೈಶಾಲಿಗೆ ಹೇಳಿದೆ. ಆಕಿ ಕಂಪ್ಯೂಟರಿನಿಂದ ತಲಿ ಎತ್ತಲಿಲ್ಲ.

"ಆ ದಿನ ನಂಗ ಡ್ಯೂಟಿ ಐತಿ ಆಂಟಿ. ಶಾಲು ಅವ್ವಗ ಕೊಡ್ರಿ ಅಂತ ಹೇಳ್ರಿ. ರೊಟ್ಟಿ ಮುಚ್ಚಾಕ ಆಕ್ಕೈತಿ."